ನಮ್ಮ ದುಡ್ಡನ್ನು ನಮಗೇ ಸಾಲ ಕೊಟ್ಟವರಿಗೆ

ವಿದ್ಯಾರ್ಥಿ ಕ್ರೆಡಿಟ್ ಕಾರ್ಡ್ ವಿಭಾಗದ ಪರಮ ಮಾನ್ಯರೇ,

ಹಳೇಬೀಡಿನ ಮಗ್ಗುಲಿನ ನಮ್ಮೂರಿನಿಂದ ದಿನವೂ ಬಸ್ಸು ಹಿಡಿದು ಅರಸೀಕೆರೆಗೆ ಹೋಗಿ ಬಿ.ಎ. ಓದಿದ ಯಶೋಧರಾ ಮಾಡುವ ನಮಸ್ಕಾರಗಳು. ನನ್ನಂಥವಳ ಅರ್ಜಿಯನ್ನು ಎರಡೆರಡು ಸಲ ತಿರಸ್ಕರಿಸುವಷ್ಟು ಬಿಡುವು ಮಾಡಿಕೊಂಡ ತಮಗೆ ಮನೆಮಂದಿಯೆಲ್ಲ ಋಣಿಗಳು. ಸಾಲ ಸಿಗದಿದ್ದರೂ ಋಣಿಗಳಾಗಲು ಅಡ್ಡಿಯಿಲ್ಲವಷ್ಟೆ.

ಸಾಲ ತೀರಿಸುವವರ ನಂಬಿಕೆಯನ್ನು ಮೂರಂಕಿಯಲ್ಲಿ ಅಳೆಯುವ ಕ್ರೆಡಿಟ್ ಸ್ಕೋರ್ ನನ್ನ ಪಾಲಿಗೆ ಕೆಟ್ಟಿದ್ದು ಹೀಗೆ. ಬಾಣಾವರದ ರವಿಕುಮಾರ್ ಮಾವ ನನ್ನ ಹೆಸರಿನಲ್ಲಿ ಕಂತಿನ ಮೇಲೆ ಫೋನ್ ಕೊಂಡರು. ಅದು ಯಾರದೋ ಮದುವೆಯಲ್ಲಿ ಸಾರಿನ ಹಂಡೆಗೆ ಬಿತ್ತು. "ಫೋನೇ ಸತ್ತೋದ್ಮೇಲೆ ಕಂತ್ ಯಾರಿಗ್ ಕಟ್ಲವ್ವ?" ಎಂದರು ಮಾವ. ಮಾತಿನಲ್ಲಿ ನ್ಯಾಯವಿತ್ತು, ಕಾನೂನಿನಲ್ಲಿ ಇರಲಿಲ್ಲ. ವಸೂಲಿಯವರು ಕಾಲೇಜಿಗೇ ಫೋನ್ ಮಾಡತೊಡಗಿದಾಗ, ಮಕ್ಕಳಿಗೆ ಮನೆಪಾಠ ಹೇಳಿ, ದಂಡದ ಸಮೇತ ನಾನೇ ತೀರಿಸಿದೆ. ಸಾಲ ಹೋಯಿತು, ಕಲೆ ಉಳಿಯಿತು.

ಬಿ.ಇಡಿ.ಗೆ ಶಿಕ್ಷಣ ಸಾಲ ಬೇಕಿತ್ತು, ಈ ಸ್ಕೋರಿಗೆ ಅದು ಸಿಗುವಂತಿರಲಿಲ್ಲ. ತಮ್ಮ ಅರಸೀಕೆರೆ ಶಾಖೆಯ ಇಂದ್ರೇಶ್ ಸಾರ್, "ಮೊದ್ಲು ಸ್ಟೂಡೆಂಟ್ ಕಾರ್ಡ್ ತಗೊಳ್ಳಮ್ಮ, ಸ್ವಲ್ಪ ಸ್ವಲ್ಪ ಬಳಸಿ ಸರಿಯಾಗಿ ಕಟ್ಟು, ಸ್ಕೋರ್ ತಾನಾಗೇ ಏರುತ್ತೆ" ಎಂದರು. ಅರ್ಜಿ ಹಾಕಿದೆ. ಸ್ಕೋರ್ ಏರಿದ ಮೇಲೆ ಬಾ ಎಂದು ತಾವು ಪ್ರೀತಿಯಿಂದ ಬರೆದಿರಿ. ಮತ್ತೆ ಹಾಕಿದಾಗ, ಹೋದ ಸಲ ಅರ್ಜಿ ಹಾಕಿದ್ದಕ್ಕೇ ಸ್ಕೋರ್ ಇನ್ನಷ್ಟು ಇಳಿದಿದೆಯೆಂದು ತಿಳಿಸಿದಿರಿ. ಹಳೇಬೀಡಿನ ಗೋಡೆಗಳಲ್ಲಿ ಮೂಗು ಹೋದ, ಕೈ ಮುರಿದ ಎಷ್ಟೋ ವಿಗ್ರಹಗಳಿವೆ. ಅವು ತಮ್ಮ ವಿಭಾಗಕ್ಕೆ ಸೇರಿಲ್ಲವಲ್ಲ ಎಂದು ಅಂದು ಮೊದಲ ಬಾರಿಗೆ ಸಮಾಧಾನಪಟ್ಟೆ. ಇನ್ನು ಮುಂದೆ ಹುಟ್ಟುವ ಮಕ್ಕಳಿಗಾದರೂ ತೊಟ್ಟಿಲಿನಲ್ಲೇ ಪುಟ್ಟ ಸಾಲ ಕೊಟ್ಟು, ನಾಮಕರಣದೊಳಗೆ ವಸೂಲು ಮಾಡಿ, ಒಳ್ಳೆಯ ಸ್ಕೋರಿನೊಂದಿಗೆ ಹೆಸರಿಡಲು ಅನುವು ಮಾಡಿಕೊಡಬೇಕಾಗಿ ಪ್ರಾರ್ಥನೆ.

ಕಡೆಗೆ ಇಂದ್ರೇಶ್ ಸಾರೇ ದಾರಿ ತೋರಿದರು: ಠೇವಣಿ ಇಟ್ಟರೆ ಅದರ ಮೇಲೆ ಕಾರ್ಡು ಸಿಗುತ್ತದೆ. ಅಜ್ಜಿ ಮುನಿಯಮ್ಮ ಕುರಿ ಮಾರಿದ ಹಣ ಕೈಗಿಟ್ಟು, "ನಮ್ ದುಡ್ಡು ಅವ್ರತ್ರ ಇಟ್ಟು, ಅದ್ನೇ ಸಾಲ ಅಂತ ಈಸ್ಕಬೇಕಾ? ಓದ್ದೋರ್ ಬುದ್ಧಿನೇ ಬೇರೆ ಕಣವ್ವ" ಎಂದರು. ನನಗೆ ನಗು ಬರಲಿಲ್ಲ. ಅವು ಅಜ್ಜಿ ಹೆಸರಿಟ್ಟು ಸಾಕಿದ್ದ ಕುರಿಗಳು.

ಪುಸ್ತಕ, ರೀಚಾರ್ಜು, ಪರೀಕ್ಷೆಯ ಶುಲ್ಕ ಇಷ್ಟಕ್ಕೇ ಕಾರ್ಡು ಬಳಸಿ, ಗಡುವಿಗೆ ಮೊದಲೇ ಕಟ್ಟುತ್ತಾ ಬಂದೆ. ಒಂದು ವರ್ಷ ವ್ಯರ್ಥವಾಯಿತು, ಸ್ಕೋರ್ ಏರಿತು. ಫೋನಿನಲ್ಲಿ ತೋರಿಸಿದಾಗ ಅಜ್ಜಿ ಕೇಳಿದ್ದು ಒಂದೇ: "ಪಾಸಾ?" ಪಾಸು ಎಂದೆ. ಬಿ.ಇಡಿ. ಸಾಲವೂ ಮಂಜೂರಾಯಿತು, ಬೇರೆ ಬ್ಯಾಂಕಿನಲ್ಲಿ.

ಮೂರಂಕಿಯಲ್ಲಿ ಅಳೆಯಬಹುದಾದಷ್ಟು ಮಟ್ಟಿಗೆ,
ತಮ್ಮ ವಿಶ್ವಾಸಿ,
ಯಶೋಧರಾ

ತಾ.ಕ.: ಈಗ ತಮ್ಮ ವಿಭಾಗದವರು ದಿನಾ ಫೋನ್ ಮಾಡಿ, ದೊಡ್ಡ ಕಾರ್ಡು ಕೊಡುತ್ತೇವೆ, ತಗೊಳ್ಳಿ ಎಂದು ಗೋಗರೆಯುತ್ತಿದ್ದಾರೆ. ನಿನ್ನೆ ಅಜ್ಜಿಯೇ ಎತ್ತಿಕೊಂಡು, "ನೀವ್ ನಂಬಿಕಸ್ತ್ರು ಅಂತ ಹೇಳೋರು ನಮ್ ಕಡೆ ಯಾರಾದ್ರೂ ಅವ್ರಾ?" ಎಂದು ವಿಚಾರಿಸಿದರು. ತಮ್ಮ ಅರ್ಜಿ ಅವರ ಪರಿಶೀಲನೆಯಲ್ಲಿದೆ. ಅಜ್ಜಿಗೆ ಆತುರವೇನೂ ಇಲ್ಲ.