ಅತ್ತೆ ಪ್ರಾಡಕ್ಟ್ ಓನರ್ ಆದದ್ದು

ಇಂಡಿ ತಾಲ್ಲೂಕಿನಲ್ಲಿ ನಮ್ಮ ಸೋದರತ್ತೆಗಿಂತ ಹೆಚ್ಚು ಸಲ ‘ಬ್ಯಾಡ’ ಎಂದವರು ಯಾರಾದರೂ ಇದ್ದರೆ ಮುಂದೆ ಬರಲಿ, ನಾನೇ ಶಾಲು ಹೊದಿಸುತ್ತೇನೆ! ಮದುವೆ ಊಟಕ್ಕೆ ಕೂತರೆ ಹೋಳಿಗೆ ಬಡಿಸುವವನು ಪಂಕ್ತಿಯ ಆ ತುದಿಯಲ್ಲಿ ಇರುವಾಗಲೇ ಎರಡೂ ಕೈ ಎಲೆಯ ಮೇಲೆ ಚಾಚಿ ‘ಬ್ಯಾಡ’ ಎನ್ನುತ್ತಾಳೆ. ಸೀರೆ ಅಂಗಡಿಯವನು ಮಡಿಕೆ ಬಿಚ್ಚುವ ಮೊದಲೇ ‘ಬ್ಯಾಡ, ಮುಂದಿಂದು ತೋರ್ಸು’. ಸ್ವಂತ ಲಗ್ನದ ಮಾತುಕತೆಯಲ್ಲೂ ‘ಬ್ಯಾಡ’ ಅಂದಿದ್ದಳಂತೆ. ಮಾವ ಅದನ್ನು ನಾಚಿಕೆ ಅಂದುಕೊಂಡರು. ಪಾಪ, ಆಮೇಲೆ ಗೊತ್ತಾಯಿತು!

ಇಂಥ ಹೆಂಗಸು ನನ್ನ ಸಾಫ್ಟ್‌ವೇರ್ ತಂಡದ ತಲೆಯ ಮೇಲೆ ಬಂದು ಕೂತದ್ದು ಹೇಗೆ ಎನ್ನುತ್ತೀರಾ? ಬಸವನ ಬಾಗೇವಾಡಿಯಲ್ಲಿ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ನಾವು ಮೂವರು ಸಾಫ್ಟ್‌ವೇರ್ ಬರೆಯುತ್ತೇವೆ: ನಾನು, ಮುದ್ದೇಬಿಹಾಳದ ಒಬ್ಬ ಗೆಳತಿ, ಸಿಂದಗಿಯ ಒಬ್ಬ ಗೆಳೆಯ. ಇಂಡಿ ಕಡೆಯ ಲಿಂಬೆ ಬೆಳೆಗಾರರ ಸಂಘವೊಂದು ನಮಗೆ ಆ್ಯಪ್ ಮಾಡಲು ಹೇಳಿತ್ತು. ಸಂಘದ ಗಾಡಿ ಊರೂರಿಗೆ ಹೋಗಿ ಲಿಂಬೆ ತುಂಬಿಕೊಳ್ಳುತ್ತದೆ. ಯಾವತ್ತು ಯಾವ ಊರಿಗೆ ಬರುತ್ತದೆ ಎನ್ನುವುದು ಮಾತ್ರ ದೇವರಿಗೇ ಗೊತ್ತು. ಬರುತ್ತದೆಂದು ನಂಬಿ ಹಣ್ಣು ಕಿತ್ತಿಟ್ಟು, ನಮ್ಮ ಕಡೆಯ ಮಾತಿನಲ್ಲಿ ಹರಿದಿಟ್ಟು, ಗಾಡಿ ಬಾರದೆ ಹೋದರೆ ಮುಗಿಯಿತು. ಚೀಲದಲ್ಲೇ ಬೆಂದು ಮೆತ್ತಗಾದ ಹಣ್ಣನ್ನು ಕೇಳುವವರಿಲ್ಲ. ನಾಳೆ ಗಾಡಿ ಬರುತ್ತದೋ ಇಲ್ಲವೋ ಎಂದು ಹಿಂದಿನ ದಿನವೇ ಫೋನಿನಲ್ಲಿ ತಿಳಿಯಬೇಕು, ಇದೇ ನಮ್ಮ ಕೆಲಸ.

ಇಂಥ ಕೆಲಸಕ್ಕೆ ಪ್ರಾಡಕ್ಟ್ ಓನರ್ ಅಂತ ಒಬ್ಬರು ಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವವರು; ನಾವು ಮಾಡಿದ್ದನ್ನು ನೋಡಿ ಆಯಿತು, ಆಗಲಿಲ್ಲ ಎನ್ನುವವರು. ‘ಮುಖ್ಯ ಅಂದ್ರ, ಬ್ಯಾಡಾದ್ದಕ್ಕ ಬ್ಯಾಡ ಅನ್ನೂ ಧೈರ್ಯ ಇರಬೇಕ್ರಿ’ ಎಂದು ಸಂಘದ ಸಭೆಯಲ್ಲಿ ವಿವರಿಸಿದೆ. ಹಿಂದೆ ಕೂತಿದ್ದ ಹಿರಿಯರೊಬ್ಬರು ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, ‘ತಮ್ಮಾ, ಲಚ್ಯಾಣದಾಗ ನಿಮ್ಮ ಅತ್ತೀನ್ನ ಇಟಗೊಂಡು ಊರೆಲ್ಲಾ ಯಾಕ ಹುಡುಕಾಕತ್ತಿ?’ ಅಂದರು. ಸಭೆಗೆ ಸಭೆಯೇ ನಕ್ಕು ಚಪ್ಪಾಳೆ ತಟ್ಟಿತು. ನಾನೊಬ್ಬ ತಟ್ಟಲಿಲ್ಲ.

ಸಾಫ್ಟ್‌ವೇರಿನವರ ‘ಅಜೈಲ್’ ಎಂಬ ಪದ್ಧತಿಯಲ್ಲಿ ದಿನಾ ಬೆಳಿಗ್ಗೆ ನಿಂತುಕೊಂಡೇ ಒಂದು ಪುಟ್ಟ ಸಭೆ ನಡೆಯುತ್ತದೆ. ಕಾಲು ನೋಯುತ್ತಿದ್ದರೆ ಮಾತು ಬೇಗ ಮುಗಿದೀತು ಎಂಬ ಉಪಾಯ. ರೊಟ್ಟಿಯ ಗಂಟು ಹಿಡಿದು ಬಸ್ಸಿಳಿದು ಬಂದ ಅತ್ತೆ, ‘ನಿಂತು ಮಾತಾಡಾಕ ಇದೇನು ಬಸ್‌ಸ್ಟ್ಯಾಂಡೇನು?’ ಎಂದು ನನ್ನ ಕುರ್ಚಿಯಲ್ಲಿ ಕೂತಳು. ನಾವು ನಿಂತೇ ಇದ್ದೆವು. ಏನು ಕೇಳಬೇಕೆಂದು ಹೇಳಿಕೊಡಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲೇ ಶುರುವಾಯಿತು: ‘ನಿನ್ನೆ ಏನ್ ಮಾಡಿದಿ? ಇವತ್ತ ಏನ್ ಮಾಡಾಂವ? ನಡಬರಕ ಏನ್ ತೊಡಕ ಐತಿ?’ ಅಬ್ಬಾ! ತರಬೇತಿಯ ಪಾಠದಲ್ಲಿ ಇರುವುದೂ ಇವೇ ಪ್ರಶ್ನೆಗಳು. ಮಾವನಿಗೆ ಫೋನ್ ಮಾಡಿ ಆಶ್ಚರ್ಯದಿಂದ ಹೇಳಿದರೆ, ‘ನಂಗ ದಿನಾ ಮುಂಜಾನೆ ಇದ ಪರೀಕ್ಷಾ ಐತೋ ತಮ್ಮಾ’ ಎಂದು ನಿಟ್ಟುಸಿರು ಬಿಟ್ಟರು.

ಯಾವ ಕೆಲಸಕ್ಕೆ ಎಷ್ಟು ದಿನ ಎಂದು ಅಂದಾಜು ಹೇಳುವಾಗ ನಮಗೊಂದು ರೋಗವಿತ್ತು. ಮೊದಲು ಒಬ್ಬರು ಹೇಳಿದ್ದನ್ನೇ ಉಳಿದವರೂ ಹೇಳುವುದು. ಅತ್ತೆ ಅದನ್ನು ಥಟ್ಟನೆ ಹಿಡಿದಳು. ಮರುವಾರ ಮಾವನ ಟವೆಲ್ ತಂದಳು. ದನದ ಸಂತೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವುದನ್ನು ನೋಡಿದ್ದೀರಲ್ಲ, ಹಾಗೆ! ಒಬ್ಬೊಬ್ಬರಾಗಿ ಹೋಗಿ ಟವೆಲ್ಲಿನ ಕೆಳಗೆ ಅತ್ತೆಯ ಬೆರಳು ಹಿಡಿಯಬೇಕು, ಎಷ್ಟು ಬೆರಳೋ ಅಷ್ಟು ದಿನ. ಸಿಂದಗಿಯ ಗೆಳೆಯ ಒಂದು ಬಟನ್ನಿನ ಬಣ್ಣ ಬದಲಿಸಲು ಇಡೀ ಹಸ್ತ ಹಿಡಿದ. ಅತ್ತೆ ಮುಖದಲ್ಲಿ ಏನೂ ತೋರಿಸದೆ ಅವನ ಕೈಯನ್ನು ಒಮ್ಮೆ ಹಿಚುಕಿದಳು. ‘ಒಂದ ದಿನ ಸಾಕ್ರಿ ಅತ್ತೀ!’ ಎಂದು ಅವನು ಕೂಗಿದ್ದು ಕೆಳಗಿನ ಗೊಬ್ಬರದ ಅಂಗಡಿಗೂ ಕೇಳಿಸಿತು.

ಹಾಗಂತ ಆಕೆಗೆ ಎಲ್ಲ ತಿಳಿದಿತ್ತು ಎಂದುಕೊಳ್ಳಬೇಡಿ. ಪರದೆಯೆಲ್ಲ ಲಿಂಬೆಹಣ್ಣಿನ ಬಣ್ಣವೇ ಇರಲಿ ಎಂದು ಹಟ ಹಿಡಿದಳು. ಮಾಡಿದೆವು. ಬಿಸಿಲಲ್ಲಿ ಒಂದಕ್ಷರವೂ ಕಾಣಲಿಲ್ಲ. ‘ಯಾವ ಶಾಣ್ಯಾ ಹೇಳಿದ್ದ ಇದನ್ನ?’ ಎಂದು ನಮ್ಮನ್ನೇ ಬೈದಳು!

ಸಂಘದ ಅಧ್ಯಕ್ಷರಿಗೆ ಆ್ಯಪ್ ತೆರೆದ ಕೂಡಲೇ ತಮ್ಮ ಫೋಟೋ ಕಾಣಬೇಕೆಂಬ ಆಸೆ. ನಾವು ‘ಆಯ್ತ್ರಿ’ ಎನ್ನುವುದರಲ್ಲಿದ್ದೆವು. ಅತ್ತೆ ಬಿಡಬೇಕಲ್ಲ! ‘ಬ್ಯಾಡ್ರಿ. ಗಾಡಿ ಬರ್ತೈತೇನಂತ ನೋಡಾಕ ಮಂದಿ ಫೋನ್ ತಗದಿರ್ತಾರ. ಮೊದಲ ನಿಮ್ಮ ಮಾರಿ ಕಂಡ್ರ ಗಾಡಿ ಕೆಟ್ಟೈತಿ ಅಂದ್ಕೋತಾರ.’ ಅಧ್ಯಕ್ಷರ ಮುಖ ಕೆಂಪಾಯಿತು. ಬೇಸಿಗೆಯ ಹಂಗಾಮು ಶುರುವಾಗುವ ಮೊದಲು ಎಲ್ಲ ಊರುಗಳಲ್ಲೂ ಒಂದೇ ಸಲ ಆ್ಯಪ್ ಚಾಲೂ ಆಗಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಎಂದುಬಿಟ್ಟರು. ನಮಗೂ ಅದೇ ಬೇಕಿತ್ತು. ಎಲ್ಲಾ ತಯಾರಾಗಿತ್ತಲ್ಲ!

‘ಬ್ಯಾಡ,’ ಅಂದಳು ಅತ್ತೆ. ‘ಮೊದಲ ಒಂದ ತ್ವಾಟದಾಗ ನೋಡೂಣು.’

‘ಯಾರ ತ್ವಾಟ?’

‘ನಂದು.’

ನನಗೆ ಸಿಟ್ಟು ಬಂತು. ‘ಅತ್ತೀ, ನಮ್ಮ ಕೆಲಸದ ಮ್ಯಾಲ ನಿನಗ ನಂಬಿಕಿ ಇಲ್ಲೇನು?’

‘ಐತಿ. ಅದಕ್ಕ ನಂದು ಹರಿತೇನಿ. ಮಂದೀದು ಹರಸೂವಷ್ಟು ಇನ್ನೂ ಇಲ್ಲ.’

ಅಕ್ಕಪಕ್ಕದ ತೋಟದ ಹೆಂಗಸರಿಗೆಲ್ಲ, ‘ನೀವು ಹರೀಬ್ಯಾಡ್ರಿ, ನಂದು ನೋಡಿ ಆಮ್ಯಾಲ ಹರೀರಿ’ ಎಂದು ತಾಕೀತು ಮಾಡಿದಳು. ನಾವು ಮೂವರೂ ಅತ್ತೆಯ ಊರು ಲಚ್ಯಾಣಕ್ಕೆ ಹೋದೆವು. ‘ಇವತ್ತು ಗಾಡಿ ಬರುತ್ತದೆ’ ಎಂದು ಅತ್ತೆಯ ಫೋನು ಹೇಳುತ್ತಿತ್ತು. ರಸ್ತೆಯ ಬದಿಗೆ ಲಿಂಬೆಯ ಚೀಲಗಳು ಸಾಲಾಗಿ ನಿಂತಿದ್ದವು. ಮುಳ್ಳು ಗೀರಿದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅತ್ತೆ ಒಂದು ಚೀಲದ ಮೇಲೆ ಕೂತಿದ್ದಳು. ಬಿಸಿಲೇರಿತು. ಗಾಡಿಯ ಸುದ್ದಿಯೇ ಇಲ್ಲ. ಚಾಲಕನಿಗೆ ಫೋನ್ ಮಾಡಿದರೆ, ‘ನನ್ನ ಫೋನ್‌ನಾಗ ಲಚ್ಯಾಣ ಬಂದ ಇಲ್ರಿ, ನಾ ಸಿಂದಗಿ ದಾರಿ ಹಿಡದೇನಿ’ ಅಂದ.

ಮುದ್ದೇಬಿಹಾಳದ ಗೆಳತಿ ಅಲ್ಲೇ ಬೇವಿನ ಗಿಡದ ಕೆಳಗೆ ಲ್ಯಾಪ್‌ಟಾಪ್ ತೆರೆದು ತಪ್ಪು ಹುಡುಕಿದಳು. ಊರಿನಲ್ಲಿ ಒಬ್ಬರೇ ರೈತರು ಹಣ್ಣು ಕೊಡುವುದಾದರೆ ಗಾಡಿಯನ್ನು ಅಲ್ಲಿಗೆ ಕಳಿಸಬಾರದು ಎಂಬ ನಿಯಮ ಆ್ಯಪಿನೊಳಗಿತ್ತು. ಚಾಲಕನಿಗೆ ಅದು ಮುಟ್ಟಿತ್ತು, ರೈತರ ಫೋನಿಗೆ ಮುಟ್ಟಿರಲಿಲ್ಲ. ಆ ನಿಯಮ ಹೇಳಿದವರು ಯಾರು? ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ ನಾನೇ ಮೆಲ್ಲಗೆ, ‘ನೀನ ಹೇಳಿದ್ದಿ ಅತ್ತೀ’ ಅಂದೆ.

ಅತ್ತೆ ಹಣೆ ಬಡಿದುಕೊಂಡಳು. ‘ಹೌದಲ್ಲೋ! ಒಬ್ಬಾಕಿ ಸಲುವಾಗಿ ಡೀಸೆಲ್ ಯಾಕ ಸುಡಬೇಕಂತ ನಾನ ಅಂದಿದ್ದೆ!’ ಎಂದು ಗಹಗಹಿಸಿ ನಕ್ಕಳು. ನಗುತ್ತಲೇ ಚೀಲದಿಂದ ಒಂದು ಹಣ್ಣು ತೆಗೆದು ಹಿಚುಕಿ ನೋಡಿ, ಮತ್ತೆ ಒಳಗಿಟ್ಟಳು. ಅದು ಆಗಲೇ ಬೆಚ್ಚಗೆ ಮೆತ್ತಗಾಗಿತ್ತು.

ಆಗಲೇ ಅಧ್ಯಕ್ಷರ ಫೋನ್ ಬಂತು. ನಾನು ಎತ್ತಲು ಹೋದೆ. ಅತ್ತೆ ಫೋನ್ ಕಸಿದುಕೊಂಡಳು. ‘ಇನ್ನೂ ಆಗಿಲ್ರಿ. ತಪ್ಪು ನಂದೈತಿ, ಹುಡುಗುರನ್ನ ಏನೂ ಅನಬ್ಯಾಡ್ರಿ. ಗಿಡದಾಗ ಇನ್ನೂ ಹಣ್ಣ ಅದಾವು, ಬರೂ ವಾರ ಮತ್ತ ಹರಿತೇನಿ. ಅದೂ ಕೆಟ್ರ ಆಗ ಬೈರಿ, ನನ್ನ ಬೈರಿ.’ ಅವರು ಏನು ಹೇಳಿದರೋ ತಿಳಿಯದು. ‘ಒಂದ ವಾರ ಸಾಕ್ರಿ’ ಎಂದು ಫೋನ್ ನನ್ನ ಕೈಗಿಟ್ಟಳು.

ಅಷ್ಟರಲ್ಲಿ ಅಕ್ಕಪಕ್ಕದ ತೋಟದ ಹೆಂಗಸರು ಬಂದಿದ್ದರು. ಅವರಲ್ಲಿ ಹಿರಿಯಳೊಬ್ಬಳು ಚೀಲಗಳನ್ನು ನೋಡಿದಳು, ಅತ್ತೆಯ ಕೈ ನೋಡಿದಳು.

‘ಬರೂ ವಾರ ನಮ್ಮವೂ ಹರಿತೀವಿ.’

‘ಬ್ಯಾಡ್ರೇ! ಮತ್ತ ಕೆಟ್ರ?’

‘ಕೆಟ್ರ ಎಲ್ಲಾರದೂ ಕೆಡ್ಲಿ. ಬಿಸಲಾಗ ನೀ ಒಬ್ಬಾಕಿ ಯಾಕ ಕುಂದರ್ತಿ?’

ಹೆಂಗಸರು ಅತ್ತೆಯನ್ನು ಮತ್ತೇನೂ ಕೇಳದೆ ಇಬ್ಬಿಬ್ಬರಾಗಿ ಚೀಲಗಳನ್ನು ಎತ್ತಿ ನೆರಳಿಗೆ ಒಯ್ಯತೊಡಗಿದರು. ಆಕೆ ‘ಬ್ಯಾಡ’ ಎನ್ನುವುದನ್ನೂ ಮರೆತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಮ್ಮ ಅತ್ತೆ ಅಳುವುದನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ. ಹೋಗಿ ಪಕ್ಕದಲ್ಲಿ ಕೂತು, ಗೀರು ಬಿದ್ದ ಆ ಕೈಯನ್ನು ಹಿಡಿದುಕೊಂಡೆ.