ಮಾದಪ್ಪನ ಬೆಳೆಗೆ ನಾನು ಬಾಗಿಲು ಕಾಯ್ದದ್ದು

ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯನ್ನು ಕಟ್ಟಿದವನು ಯಾರೋ ನನಗೆ ತಿಳಿಯದು. ಅವನಿಗೂ ನನ್ನ ಹಾಗೆ ಮನೆ ತುಂಬ ಜನ, ಕೈ ತುಂಬ ಕೆಲಸ, ಊರ ತುಂಬ ಉಸಾಬರಿ ಇದ್ದಿರಬೇಕು. ನಾನಂತೂ ಈ ಗಾದೆಯನ್ನು ವೇದವಾಕ್ಯವೆಂದು ನಂಬಿ ಬಾಳಿದವನು. ಅದರಲ್ಲಿ ಒಂದೇ ಒಂದು ಕೊರತೆ: ತಮ್ಮನ ಮಾತಿಲ್ಲ. ತಮ್ಮ ಮಾಡಿದ್ದು ಉತ್ತಮಕ್ಕೆ ಸೇರುತ್ತದೋ ಹಾಳಿಗೆ ಸೇರುತ್ತದೋ ಹಿರಿಯರು ಹೇಳದೆ ಹೋದದ್ದರಿಂದ ಆ ತೀರ್ಮಾನವನ್ನೂ ನಾನೇ ಮಾಡಬೇಕಾಯಿತು. ಎಲ್ಲ ತೀರ್ಮಾನಗಳೂ ಕೊನೆಗೆ ನನ್ನ ತಲೆಗೇ ಬರುತ್ತವೆ. ಕೆಲಸವನ್ನು ಹಂಚಿಕೊಡಬೇಕು, ಆಗ ಹೊರೆ ಹಗುರವಾಗುತ್ತದೆ ಎಂದು ನನಗೆ ಬುದ್ಧಿ ಹೇಳಿದವರು ಬಹಳ ಮಂದಿ. ಅವರಲ್ಲಿ ಒಬ್ಬರಿಗಾದರೂ ಕೆಲಸವಿದ್ದದ್ದನ್ನು ನಾನು ಕಂಡಿಲ್ಲ.

ನಮ್ಮದು ಮಾಂಬಳ್ಳಿ. ನಾನು ಮನೆಗೆ ಹಿರಿಯ, ಪಂಚಾಯ್ತಿಗೆ ಚೇರ್ಮನ್, ಊರಿನ ಸಂಬಂಧ ಕುದುರಿಸುವುದಕ್ಕೂ ಮುರಿದ ಸಂಬಂಧ ಕೂಡಿಸುವುದಕ್ಕೂ ಮುಂದಾಳು. ಬೆಳಗಾದರೆ ಜಗಲಿಯ ಮೇಲೆ ಜನ. ಒಂದು ದಿನ ಯಳಂದೂರಿನ ಕಚೇರಿ, ಇನ್ನೊಂದು ದಿನ ಕೊಳ್ಳೇಗಾಲ. ಕೊಳ್ಳೇಗಾಲ ಇನ್ನೂ ಮದ್ರಾಸ್ ಸರ್ಕಾರದ್ದೇ; ಅಲ್ಲಿಗೆ ಹೋಗುವುದೆಂದರೆ ಮೈಸೂರು ಸೀಮೆ ಬಿಟ್ಟು ಹೊರನಾಡಿಗೆ ಕಾಲಿಟ್ಟಂತೆ. ಅಲ್ಲಿನ ಗುಮಾಸ್ತರೊಡನೆ ನನ್ನ ಅರೆಬರೆ ತಮಿಳಿನಲ್ಲಿ ಗುದ್ದಾಡಿ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿರುತ್ತದೆ. ಹೀಗೆ ಊರೂರು ಅಲೆಯುವವನು ಮನೆಯ ಕೆಲಸವನ್ನು ಮನೆಯವರಿಗೆ ಬಿಟ್ಟಿರುತ್ತಾನೆ ಎಂದು ನೀವು ತಿಳಿದರೆ ನನ್ನನ್ನು ನೀವು ಬಲ್ಲವರಲ್ಲ. ಹೊರಡುವಾಗ ಹೊಸಿಲ ಮೇಲೆ ನಿಂತು ನಾನು ತಪ್ಪದೆ ಹೇಳುತ್ತಿದ್ದ ಮಾತು, "ನಾನ್ ಬರಗಂಟ ಯಾರೂ ಮುಟ್ಬ್ಯಾಡಿ." ಎತ್ತಿಗೆ ಲಾಳ ಕಟ್ಟುವವನು ಬಂದು, ನಾನಿಲ್ಲವೆಂದು ಎತ್ತಿನ ಮುಖ ನೋಡಿಕೊಂಡು ವಾಪಸು ಹೋಗಿದ್ದಾನೆ. ಸಕ್ಕರೆಗೆ ರೇಷನ್ ಇದ್ದ ದಿನಗಳಲ್ಲಿ ಸಕ್ಕರೆ ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು ಯಳಂದೂರಿಗೆ ಹೋಗಿಬಿಟ್ಟಿದ್ದೆ. ಅದೇ ದಿನ ಲೊಕ್ಕನಹಳ್ಳಿಯಿಂದ ನನ್ನ ತಂಗಿ ಗಂಡನ ಸಮೇತ ಬಂದು ಸಂಜೆಯವರೆಗೆ ಕಾಫಿಯ ದಾರಿ ಕಾದಳು. "ನಮ್ಮಣ್ಣನ ಮನೇಲಿ ಕಾಪಿಗೂ ಚೇರ್ಮನ್ ರುಜು ಆಗ್ಬೇಕು" ಎಂದು ಅವಳು ನೆಂಟರಿಷ್ಟರಲ್ಲೆಲ್ಲ ಸಾರಿದಳು. ಅವಳಿಗೆ ಬಾಯಿ ಸ್ವಲ್ಪ ಜೋರು.

ನನ್ನ ತಮ್ಮ ಮಾದಪ್ಪನಿಗೆ ಬಾಯಿ ಜೋರಿಲ್ಲ. ಮಾತು ಕಡಿಮೆ, ದುಡಿಮೆ ಹೆಚ್ಚು. ಅಂಥವನು ಒಂದು ದಿನ ಊಟವಾದ ಮೇಲೆ ಕೈ ತೊಳೆದುಕೊಂಡು ಬಂದು ನನ್ನೆದುರಿಗೆ ಕುಕ್ಕರುಗಾಲಿನಲ್ಲಿ ಕೂತ.

"ಅಣ್ಣಯ್ಯ, ಯಾವ್ದಾರ ಒಂದ್ ಕೆಲ್ಸನ ಇದು ನಿಂದು ಕಣ್ಲಾ ಅಂತ ನಂಗೆ ಬುಡು. ಇಲ್ಲ ಅಂದ್ರೆ ನನ್ನ ಭಾಗ ಬುಡು."

ಊರಿನ ಎಷ್ಟೋ ಮನೆಗಳ ಭಾಗವನ್ನು ಮುಂದೆ ನಿಂತು ಹಂಚಿಸಿದವನು ನಾನು. ಪಾತ್ರೆ ಪಡಗಗಳನ್ನು ಎರಡು ಸಾಲು ಮಾಡಿಟ್ಟಾಗ ಹೆಂಗಸರ ಮುಖ ಹೇಗಿರುತ್ತದೆಂದು ಬಲ್ಲೆ. ನಮ್ಮ ಅಪ್ಪ ತೀರಿಕೊಂಡಾಗ ಮಾದಪ್ಪನ ಕೈಯನ್ನು ನನ್ನ ಕೈಯಲ್ಲಿಟ್ಟು ಹೋದವರು. ಹೆಂಡತಿ ಗೌರಮ್ಮನಾದರೂ ನನ್ನ ಪರವಾಗಿ ಒಂದು ಮಾತು ಆಡುತ್ತಾಳೆಂದು ಅಡುಗೆಮನೆಯ ಕಡೆ ನೋಡಿದೆ. "ಅವ್ನೇನ್ ಕೇಳಬಾರದ್ದ ಕೇಳ್ಬುಟ್ನಾ? ಕೊಟ್ಬುಡಿ" ಎಂದು ಅಲ್ಲಿಂದಲೇ ತೀರ್ಪು ಬಂತು. ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಎದ್ದವನೇ ಗಟ್ಟಿ ಮನಸ್ಸು ಮಾಡಿ, ರೇಷ್ಮೆ ಹುಳದ ಮನೆಯನ್ನು ಮಾದಪ್ಪನಿಗೆ ವಹಿಸಿದೆ. ಆ ಬೆಳೆ ಪೂರ್ತಿ ಅವನದು. ನಾನು ಕೈ ಹಾಕಿ ಕೆಡಿಸಿದರೆ ಮರುಮಾತಿಲ್ಲದೆ ಭಾಗ. ಕೈ ಹಾಕದಿದ್ದರೆ ಭಾಗದ ಮಾತನ್ನು ಅವನು ಮತ್ತೆ ಎತ್ತಕೂಡದು. ಹೀಗೆಂದು ಗೌರಮ್ಮನ ಎದುರಿನಲ್ಲೇ ಒಪ್ಪಂದವಾಯಿತು. ನಾನು ಹಟ ಹಿಡಿದರೆ ಹಿಡಿದೆ. ಬಾಯಿಗೆ ಬೀಗ ಹಾಕಿಕೊಂಡಾದರೂ ಈ ಬೆಳೆ ಗೆಲ್ಲಿಸಲೇಬೇಕೆಂದು ನಿಶ್ಚಯಿಸಿದೆ.

ಕೊಡುವುದು ಕಷ್ಟವಲ್ಲ ಸ್ವಾಮಿ, ಬಿಡುವುದು ಕಷ್ಟ. ಕನ್ಯಾದಾನ ಮಾಡಿದ ಮೇಲೂ ಮಗಳ ಮನೆಗೆ ಹೋಗಿ ಸಾರಿಗೆ ಉಪ್ಪು ಸಾಲದು ಅನ್ನುವ ತಾಯಂದಿರಿಲ್ಲವೇ? ನಾನು ಹುಳದ ಮನೆಯ ಒಳಗೆ ಹೋಗುತ್ತಿರಲಿಲ್ಲ. ಹೊರಗೆ ನಿಂತು ಕೆಮ್ಮುತ್ತಿದ್ದೆ. "ಸೊಪ್ಪು ವಸಿ ದಪ್ಪಕ್ಕೆ ಹೆಚ್ದಂಗದೆ" ಎಂದು ಗೋಡೆಗೆ ಹೇಳುತ್ತಿದ್ದೆ. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಅವು ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಸುಮ್ಮನಿರುತ್ತವೆ. ಮೊದಲನೆಯ ಜ್ವರದಲ್ಲಿ ಹುಳಗಳು ಸುಮ್ಮನಿದ್ದವು, ನಾನಿರಲಿಲ್ಲ. ಕೊನೆಗೆ ತಡೆಯಲಾರದೆ, ಒಂದು ಚಿಟಿಕೆ ನಶ್ಯ ಏರಿಸಿ ಒಳಗೆ ಒಂದು ಕಾಲಿಟ್ಟೆ. ಮಾದಪ್ಪ ಸೊಪ್ಪಿನ ಕುಕ್ಕೆ ಕೆಳಗಿಟ್ಟು, ಬಹಳ ಮರ್ಯಾದೆಯಿಂದ, "ಅಣ್ಣಯ್ಯ, ನಸ್ಯದ ವಾಸ್ನೆ ಹುಳಕ್ಕೆ ಆಗಕಿಲ್ಲ. ಮೂಗ್ ಬುಟ್ಟು ಒಳಿಕ್ ಬಾ" ಎಂದ. ಹೊಗೆಸೊಪ್ಪಿನ ವಾಸನೆಯವರನ್ನು ಹುಳದ ಮನೆಗೆ ಬಿಡಬಾರದೆಂಬುದು ನಾನೇ ಮಾಡಿದ ಕಟ್ಟಳೆ. ಮಾಡಿದವನಿಗೆ ಅದು ಅನ್ವಯಿಸುವುದಿಲ್ಲವೆಂದು ಇಷ್ಟು ವರ್ಷ ಎಲ್ಲರೂ ಒಪ್ಪಿಕೊಂಡಿದ್ದರು.

ಇಲ್ಲಿದ್ದರೆ ಮಾತು ಮುರಿಯುತ್ತೇನೆಂದು ಹೆದರಿ ಲೊಕ್ಕನಹಳ್ಳಿಗೆ, ತಂಗಿಯ ಮನೆಗೆ ಹೊರಟುಬಿಟ್ಟೆ. ಅಲ್ಲಿ ಕಾಡು ಹೊಲದ ಬದುವಿನವರೆಗೆ ಬಂದು ನಿಂತಿರುತ್ತದೆ. ಫಸಲಿನ ದಿನಗಳಲ್ಲಿ ಅವರು ಹೊಲದ ಸುತ್ತ ಅಟ್ಟಣೆ ಕಟ್ಟಿ, ಹಂದಿ ಬಂದರೆ ತಗಡು ಬಡಿದು ಕೂಗಿ ಓಡಿಸುತ್ತಾರೆ. ಒಬ್ಬೊಬ್ಬರು ಒಂದೊಂದು ಹೊತ್ತಿನಲ್ಲಿ ಮನಸ್ಸಿಗೆ ಬಂದಂತೆ ಕೂಗುವುದನ್ನು ಹತ್ತು ಹನ್ನೆರಡು ದಿನ ಕಂಡು ನನಗೆ ಸಂಕಟವಾಯಿತು. ಶಿಸ್ತಿಲ್ಲ, ಸೂತ್ರವಿಲ್ಲ. ನಾನು ನಡುವಿನ ಅಟ್ಟಣೆಯಲ್ಲಿ ಕೂತು ಕೈ ಎತ್ತಿದಾಗ ಎಲ್ಲರೂ ಒಟ್ಟಿಗೆ ಕೂಗಬೇಕೆಂದು ಏರ್ಪಾಡು ಮಾಡಿದೆ. ಸಂಜೆ ಮಬ್ಬಿನಲ್ಲಿ ಹಂದಿಗಳು ಬಂದವು. ನಾನು ಅವು ಚೆನ್ನಾಗಿ ಹತ್ತಿರ ಬರಲೆಂದು ಕಾದೆ. ಮಿಕ್ಕವರು ನಾನು ಕೈ ಎತ್ತಲೆಂದು ಕಾದರು. ಆ ಮಬ್ಬಿನಲ್ಲಿ ಕೈ ಎತ್ತಿದರೂ ಯಾರಿಗೂ ಕಾಣದೆಂಬುದು ನನಗೆ ಹೊಳೆದಿರಲಿಲ್ಲ. ಕಾಯದೆ ಇದ್ದದ್ದು ಹಂದಿಗಳು ಮಾತ್ರ. ಮರುದಿನ ಭಾವಮೈದುನ ಒಂದು ಒಳ್ಳೆಯ ಕುಂಬಳಕಾಯಿಯನ್ನು ನನ್ನ ಹೆಗಲಿಗೇರಿಸಿ, "ಬಾವ, ನಿಮ್ಗೆ ಊರಲ್ಲಿ ಸಾನೆ ಕೆಲ್ಸ ಇರ್ತದೆ. ನಾವ್ ಇಲ್ಲಿ ಎಂಗೋ ಬದುಕ್ಕತೀವಿ" ಎಂದು ಕಳಿಸಿಕೊಟ್ಟ.

ಊರಿಗೆ ಬಂದಾಗ ಹುಳಗಳು ಕಡೆಯ ಜ್ವರದಿಂದ ಎದ್ದು ಬಕಾಸುರರಂತೆ ಸೊಪ್ಪು ಮೇಯುತ್ತಿದ್ದವು. ಬೆಳೆ ಚೆನ್ನಾಗಿತ್ತು. ಬಾಗಿಲಿನಿಂದಲೇ ಇಣುಕಿ ನೋಡಿ ಸಂತೋಷಪಟ್ಟೆ. ಜೊತೆಗೆ ನಾನಿಲ್ಲದೆಯೂ ಇಷ್ಟು ಚೆನ್ನಾಗಿರಬೇಕಿತ್ತೇ ಎಂದು ಒಂದಿಷ್ಟು ದುಃಖವೂ ಆಯಿತು. ಮಾದಪ್ಪನಿಗೆ ನನ್ನ ಮುಖ ನೋಡಿ ಕನಿಕರವಾಗಿರಬೇಕು. "ಅಣ್ಣಯ್ಯ, ನಿಂಗೂ ಒಂದ್ ಕೆಲ್ಸ ಅದೆ" ಎಂದ. "ಬಾಗ್ಲಲ್ಲಿ ಕುಂತ್ಕೊ. ಒರಗ್ನೋರ್ ಯಾರ್ನೂ ಒಳಿಕ್ ಬುಡಬ್ಯಾಡ. ಯಾರೇ ಆಗ್ಲಿ."

ನೀವು ನಂಬುತ್ತೀರೋ ಇಲ್ಲವೋ, ಚೇರ್ಮನ್ ಆದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಪಂಚಾಯ್ತಿಯ ಮೀಟಿಂಗನ್ನು ಮುಂದಕ್ಕೆ ಹಾಕಿ, ಕೈಯಲ್ಲೊಂದು ಕೋಲು ಹಿಡಿದು ಹುಳದ ಮನೆಯ ಬಾಗಿಲಿಗೆ ಅಡ್ಡಲಾಗಿ ಮಣೆ ಹಾಕಿಕೊಂಡು ಕೂತೆ. ಕೆಲಸ ವಹಿಸಿಕೊಂಡವನು ಹೇಗಿರಬೇಕೆಂದು ಈ ಮನೆಯವರು ಒಮ್ಮೆ ನೋಡಿ ಕಲಿಯಲಿ ಎಂಬುದು ನನ್ನ ಹಟ. ಕೋಳಿಯನ್ನು ಬಿಡಲಿಲ್ಲ, ಬೆಕ್ಕನ್ನು ಬಿಡಲಿಲ್ಲ. ನೆಂಟನೊಬ್ಬ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದು, ಹಾಗೇ ಸುಮ್ಮನೆ ನೋಡಿ ಹೋಗುತ್ತೇನೆಂದ. ಅವನನ್ನು ಬೀದಿಯ ಕೊನೆಯವರೆಗೆ ಅಟ್ಟಿದೆ.

ಇಂಥ ಕರ್ತವ್ಯದ ನಡುವೆ ಒಂದು ಬೆಳಿಗ್ಗೆ ಹುಳ ಹಣ್ಣಾದವು. ರೇಷ್ಮೆ ಸಾಕುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಕ್ಕವರು ತಿಳಿಯಬೇಕಾದದ್ದು ಇಷ್ಟು. ಹಣ್ಣಾದ ಹುಳ ಸೊಪ್ಪು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅದನ್ನು ಆರಿಸಿ ಚಂದ್ರಂಕಿಯ ಮೇಲೆ ಬಿಡಬೇಕು. ಚಂದ್ರಂಕಿ ಎಂದರೆ ಬಿದಿರ ದಬ್ಬೆಯ ಚಾಪೆಗೆ ಸುರುಳಿ ಸುರುಳಿಯಾಗಿ ಪಟ್ಟಿ ಹೊಲಿದು ಮಾಡಿದ್ದು, ಆಳೆತ್ತರ ಇರುತ್ತದೆ. ತಡವಾದರೆ ಹುಳ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಕೊಳಕು ಮಾಡಿಬಿಡುತ್ತದೆ, ಅಲ್ಲಿಗೆ ಬೆಳೆ ಹೋಯಿತು. ಅಂದು ಬಿಸಿಲೇರುವ ಮೊದಲೇ ಎಲ್ಲ ಹುಳವೂ ಒಟ್ಟಿಗೆ ಹಣ್ಣಾದವು. ಮನೆಯವರ ಕೈ ಸಾಲದು, ಮನೆಯ ಚಂದ್ರಂಕಿಯೂ ಸಾಲದು. ಇಂಥ ಹೊತ್ತಿಗೆಂದೇ ನಮ್ಮಲ್ಲಿ ಮುಯ್ಯಾಳಿನ ಪದ್ಧತಿ ಇದೆ: ಇಂದು ನಮ್ಮ ಮನೆಗೆ ಅವರು, ನಾಳೆ ಅವರ ಮನೆಗೆ ನಾವು. ಮಾದಪ್ಪ ತನ್ನ ಹೆಂಡತಿ ತಾಯಮ್ಮನನ್ನು ಹಿತ್ತಲ ಬಾಗಿಲಿನಿಂದ ಕೇರಿಗೆ ಓಡಿಸಿ, ಜನವೂ ಬರಲಿ, ಚಂದ್ರಂಕಿಯೂ ಬರಲಿ ಎಂದು ಹೇಳಿ ಕಳಿಸಿದ. ಇದೆಲ್ಲ ಒಳಗೆ ನಡೆದ ವಿಚಾರ. ನಾನು ಬಾಗಿಲಲ್ಲಿದ್ದೆ.

ಮೊದಲು ಬಂದವಳು ಮುಂದಲ ಬೀದಿಯ ಸಿದ್ದಮ್ಮ, ತಲೆಯ ಮೇಲೆ ಚಂದ್ರಂಕಿ ಹೊತ್ತುಕೊಂಡು.

"ಜರುಗಿ ಯಜಮಾನ್ರೇ, ಒಳಿಕ್ ಓಯ್ತೀನಿ" ಎಂದಳು.

"ಒರಗ್ನೋರ್ಗೆ ಅಪ್ಪಣೆ ಇಲ್ಲ."

"ತಾಯಮ್ಮನೇ ಕರೆದ್ಲು."

"ತಾಯಮ್ಮ ಕರೀಲಿ, ಅವ್ರಪ್ಪ ಕರೀಲಿ. ಬೆಳೆ ಮಾದಪ್ಪುಂದು. ಯಾರ್ನೂ ಬುಡಬ್ಯಾಡ ಅಂದವ್ನೆ."

ಒಳಗೆ ಒಂದು ಮಾತು ಕೇಳಬಹುದಿತ್ತು. ಆದರೆ ಒಳಗೆ ತಲೆ ಹಾಕಿದರೆ ಒಪ್ಪಂದ ಮುರಿದಂತೆ, ಮುರಿದರೆ ಭಾಗ. ಸಿದ್ದಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಚಂದ್ರಂಕಿ ಸಮೇತ ತಿರುಗಿಕೊಂಡು ಹೊರಟಳು. ಅವಳ ಹಿಂದೆ ಬಂದವರನ್ನೂ ಒಬ್ಬರಾದ ಮೇಲೊಬ್ಬರಂತೆ ತಿರುಗಿಸಿದೆ. ಮುಯ್ಯಿಗೆ ಕರೆದವರನ್ನು ಬಾಗಿಲಿನಿಂದ ಅಟ್ಟುವುದೆಂದರೆ ಎಲೆ ಹಾಕಿ ಎಬ್ಬಿಸಿದ ಹಾಗೆ; ಅದು ನನಗೆ ತಿಳಿಯದ್ದೇನಲ್ಲ. ಆದರೂ ಕಲ್ಲಿನಂತೆ ಕೂತೆ.

ಸ್ವಲ್ಪ ಹೊತ್ತಿಗೆ ಮಾದಪ್ಪ ಹೊರಗೆ ಬಂದ. ಮುಖದಲ್ಲಿ ಬೆವರಿಳಿಯುತ್ತಿತ್ತು. "ಜನ ಎಲ್ಲಣ್ಣ? ಹುಳ ಆಗ್ಲೇ ಸೊಪ್ಪಿನ್ ತಟ್ಟೆ ಅಂಚಿಗೆ ಅತ್ಕಂಡವೆ" ಎಂದ.

"ಯಾರ್ನೂ ಬುಟ್ಟಿಲ್ಲ ಕಣ್ಲಾ! ಒಬ್ರುನ್ನೂ ಬುಟ್ಟಿಲ್ಲ!" ಎಂದು ಕೋಲು ಕುಟ್ಟಿ ಹೇಳಿದೆ.

ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಗೋಡೆಗೊರಗಿ ಕುಸಿದು ಕೂತು ತಲೆಯ ಮೇಲೆ ಕೈ ಹೊತ್ತ. ಒಳಗೆ ತಾಯಮ್ಮ ಅಳುವ ಸದ್ದು ಕೇಳಿತು. ಪಾತ್ರೆಗಳು ಎರಡು ಸಾಲಾಗಿ ನನ್ನ ಕಣ್ಣ ಮುಂದೆ ನಿಂತವು. ಗೌರಮ್ಮ ಹೊರಗೆ ಬಂದು ನನ್ನ ಕೈಯ ಕೋಲನ್ನು ಕಿತ್ತುಕೊಂಡು, "ಓಗಿ. ಯಾರ್‍ಯಾರ್ನ ಅಟ್ಟುದ್ರೋ ಅವ್ರುನ್ನೆಲ್ಲ ನೀವೇ ಕರ್ಕಂಬನ್ನಿ" ಎಂದಳು. ಅಷ್ಟು ಕಡಿಮೆ ಮಾತಿನಲ್ಲಿ, ಅಷ್ಟು ಸ್ಪಷ್ಟವಾಗಿ, ನನ್ನ ಜನ್ಮದಲ್ಲಿ ನಾನು ಯಾರಿಗೂ ಒಂದು ಕೆಲಸ ಹೇಳಿದವನಲ್ಲ.

ಓಡಿದೆ. ಪಂಚೆ ಎತ್ತಿ ಕಟ್ಟಿ, ಊರು ನೋಡುವಂತೆ ಓಡಿದೆ. ಒಂದೊಂದು ಬಾಗಿಲಲ್ಲೂ ನಿಂತು, "ತಪ್ಪಾಯ್ತು, ಬನ್ರವ್ವಾ" ಎಂದೆ. ಸಿದ್ದಮ್ಮ ಜಗಲಿಯಿಂದ ಏಳದೆ, "ಬತ್ತೀನಿ. ನಂಗೆ ಕತ್ತು ನೋಯ್ತದೆ, ಚಂದ್ರಂಕಿ ನೀವೇ ಒತ್ಕಳಿ" ಎಂದಳು. ಹೊತ್ತೆ. ಚಂದ್ರಂಕಿ ತಲೆಯ ಮೇಲಿದ್ದರೆ ಕಾಲಡಿಯ ನೆಲ ಬಿಟ್ಟು ಬೇರೇನೂ ಕಾಣುವುದಿಲ್ಲ, ಆದರೆ ಜನರ ನಗು ಚೆನ್ನಾಗಿ ಕೇಳಿಸುತ್ತದೆ. ನಾಚಿಕೆ ಪಡುವುದಕ್ಕೆ ಪುರುಸೊತ್ತಿರಲಿಲ್ಲ. ಮತ್ತೆ ಓಡಿದೆ, ಮತ್ತೆ ಹೊತ್ತೆ. ನಡು ಹಗಲಿನ ಹೊತ್ತಿಗೆ ಮನೆ ತುಂಬ ಹೆಂಗಸರು ಹುಳ ಆರಿಸುತ್ತಿದ್ದರು. ನಶ್ಯದ ಮೂಗಿನ ನಾನು ಹೊರಗೇ ನಿಂತು ಚಂದ್ರಂಕಿಗಳನ್ನು ಒಳಕ್ಕೆ ದಾಟಿಸುತ್ತಿದ್ದೆ. ಒಂದಷ್ಟು ಹುಳ ಕಸದಲ್ಲೇ ಗೂಡು ಕಟ್ಟಿ ಕೆಟ್ಟವು. ಮಿಕ್ಕ ಬೆಳೆ ಉಳಿಯಿತು.

ಸಂಜೆ ಎಲ್ಲರೂ ಹೋದ ಮೇಲೆ ಮಾದಪ್ಪ ಬಂದು ಪಕ್ಕದಲ್ಲಿ ಕೂತ. ನಾನೇ ಬಾಯಿ ಬಿಟ್ಟೆ: "ಮಾತು ಮಾತೇ ಕಣ್ಲಾ. ನಾನ್ ಕೆಡಿಸ್ದೆ. ಭಾಗ ಕೇಳು."

"ತಪ್ಪು ನಂದೇ ಅಣ್ಣಯ್ಯ. ಬುಡಬ್ಯಾಡ ಅಂದೆ, ಯಾಕೆ ಅಂತ ಯೋಳ್ನಿಲ್ಲ. ಎಲ್ಲೀಗಂಟ ಅಂತಾನೂ ಯೋಳ್ನಿಲ್ಲ." ಸ್ವಲ್ಪ ತಡೆದು, ನೆಲ ನೋಡುತ್ತ ಹೇಳಿದ: "ನೀನು ನಂಗೆ ಯಾವತ್ತೂ ಅಂಗೇ ಅಲ್ವಾ ಕೆಲ್ಸ ಯೋಳ್ತಿದ್ದದ್ದು. ಅದೇ ಬಾಯಿಗ್ ಬಂದ್ಬುಡ್ತು."

ನಾನು ನಶ್ಯದ ಡಬ್ಬಿ ತೆಗೆದೆ, ಮತ್ತೆ ಮುಚ್ಚಿದೆ.

"ಮತ್ತೆ ಭಾಗ?" ಎಂದೆ.

"ಭಾಗ ತಕಂಡ್ ಓದ್ರೆ ಬಾಗ್ಲು ಕಾಯಕೆ ನಿನ್ನಂಗಿರೋನ್ ನಂಗೆಲ್ಲಿ ಸಿಕ್ಕಾನು?" ಎಂದು ಮಾದಪ್ಪ ನಕ್ಕ. ನಾನೂ ನಕ್ಕೆ. ನಗುವಾಗ ಕಣ್ಣಲ್ಲಿ ನೀರು ಬಂತು, ಅದು ನಶ್ಯದ್ದಲ್ಲ.

ಅಂದಿನಿಂದ ಹುಳದ ಮನೆ ಅವನದು. ಹೊಲದ ಕೆಲಸವನ್ನೂ ಒಂದೊಂದಾಗಿ ಅವನಿಗೇ ಬಿಡುತ್ತಿದ್ದೇನೆ; ಬಿಡುವಾಗ ಯಾಕೆ, ಎಲ್ಲಿಯತನಕ ಎಂಬುದನ್ನೂ ಹೇಳುತ್ತೇನೆ, ಹೇಳಿ ಆಚೆ ಹೋಗುತ್ತೇನೆ. ಲಾಳ ಕಟ್ಟುವವನು ಈಗ ಎತ್ತಿನ ಕಾಲನ್ನೂ ನೋಡುತ್ತಾನೆ. ಊರಿನವರು ನನ್ನ ಮುಖದಲ್ಲಿ ಕಳೆ ಬಂದಿದೆ ಎನ್ನುತ್ತಾರೆ. ಹಂಚಿಕೊಟ್ಟರೆ ಹೊರೆ ಹಗುರವಾಗುತ್ತದೆಂದು ಜಗಲಿಗೆ ಬಂದವರಿಗೆಲ್ಲ ಈಗ ನಾನೇ ಬುದ್ಧಿ ಹೇಳುತ್ತಿದ್ದೇನೆ. ಬಾಗಿಲು ಕಾಯುವುದನ್ನು ಮಾತ್ರ ನನ್ನಲ್ಲೇ ಉಳಿಸಿಕೊಂಡಿದ್ದೇನೆ. ಈ ಬೆಳೆಗೂ ಕೂತಿದ್ದೇನೆ. ಈಗ ತಾನೆ ಗೌರಮ್ಮ ಬಂದು, "ಮುದ್ದೆ ಆರೋಯ್ತದೆ. ವಸಿ ವೊತ್ತು ನಾನ್ ಕುಂತ್ಕತೀನಿ, ಓಗಿ ಉಂಡ್ಕಂಡ್ ಬನ್ನಿ" ಎಂದಳು. ಒಳ್ಳೆಯ ಹೆಂಗಸು, ನಂಬಿಕಸ್ತೆ. ಆದರೆ ಬಾಗಿಲು ಕಾಯುವುದು ಕಂಡಕಂಡವರಿಗೆಲ್ಲ ಒಗ್ಗುವ ಕೆಲಸವಲ್ಲ. ಮುದ್ದೆಯನ್ನು ಇಲ್ಲಿಗೇ ತರಲು ಹೇಳಿದ್ದೇನೆ.