ತೂಗುಮಣೆಯ ಮೇಲಿನ ಬಾಣಗಳು

ಎಷ್ಟೋ ಊರು ತಿರುಗಿದ್ದೇನೆ, ಹಡಗನ್ನೂ ಹತ್ತಿದ್ದೇನೆ. ವಿಚಿತ್ರಗಳು ಮಾತ್ರ ನನ್ನ ಬೆನ್ನು ಬಿಟ್ಟಿಲ್ಲ. ಮೊದಲನೆಯದು ಬೆನ್ನು ಹತ್ತಿದ್ದು ಹುಕ್ಕೇರಿಯ ನಮ್ಮ ಮನೆಯಲ್ಲೇ.

೧. ಅಳಿಸುವ ಪಾಠ

ಯುದ್ಧದ ಕಾಲ. ಪುಣೆಯ ಇಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದಲ್ಲಿ ನಾನೊಬ್ಬಳೇ ಹುಡುಗಿ. ಅಲುಗಾಡದೆ ನಿಂತ ವಸ್ತುಗಳ ಶಾಸ್ತ್ರ ಕಲಿಸುವ ಮಾಸ್ತರರು ಮೊದಲ ದಿನವೇ ಹೇಳಿದರು: ವಸ್ತುವನ್ನು ಬರೆಯಿರಿ, ಅದನ್ನು ಹಿಡಿದಿಟ್ಟ ಗೋಡೆ, ಹಗ್ಗ, ನೆಲ ಎಲ್ಲ ಅಳಿಸಿರಿ, ಅವುಗಳ ಜಾಗದಲ್ಲಿ ಬಾಣ ಹಾಕಿರಿ. ಕೆಳಗೆಳೆಯುವ ಬಾಣವೂ ಮೇಲೆತ್ತುವ ಬಾಣವೂ ಸಮವಾದರೆ ವಸ್ತು ನಿಲ್ಲುತ್ತದೆ.

ಎಲ್ಲ ಅಳಿಸಿದ ಮೇಲೂ ಅದು ಬೀಳುವುದಿಲ್ಲವೇ ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. ಪರೀಕ್ಷೆ ಮುಗಿಯುವ ತನಕ ಬೀಳುವುದಿಲ್ಲ ಅಂದರು ಮಾಸ್ತರರು.

೨. ವಿಭೂತಿ ಹಚ್ಚಿದ ವಹಿ

ರಜೆಗೆ ಊರಿಗೆ ಬಂದೆ. ಕಾಕಾ ತೀರಿಕೊಂಡು ವರ್ಷವಾಗಿತ್ತು. ಮನೆಯಲ್ಲಿ ಈಗ ಕಾಕಾನ ಹೆಂಡತಿ ಚಿಗವ್ವನ ಮಾತೇ ಮಾತು. ಪಡಸಾಲೆಯ ತೂಗುಮಣೆಯಲ್ಲಿ ಅವಳು ಬಲತುದಿಗೇ ಕೂಡುತ್ತಿದ್ದಳು. ಎಡಗಡೆ ಕಾಕಾನ ಜಾಗ. ಅಲ್ಲಿ ಯಾರೂ ಕೂಡುವಂತಿರಲಿಲ್ಲ.

ಅಭ್ಯಾಸಕ್ಕೆಂದು ಆ ತೂಗುಮಣೆಯನ್ನೇ ಪಾಠದ ವಹಿಯಲ್ಲಿ ಬರೆದೆ. ತೊಲೆ, ಸರಪಳಿ ಅಳಿಸಿದೆ. ಉಳಿದದ್ದು ಗಾಳಿಯಲ್ಲಿ ತೇಲುವ ಒಂದು ಹಲಗೆ, ಅದನ್ನು ಕೆಳಗೆಳೆಯುವ ಚಿಗವ್ವನ ಭಾರದ ಬಾಣ, ಮೇಲೆತ್ತುವ ಎರಡು ಬಾಣ: ಬಲ ಸರಪಳಿಗೆ ಉದ್ದನೆಯದು, ಎಡಕ್ಕೆ ಗಿಡ್ಡ.

ಚಿಗವ್ವನ ಕಣ್ಣಿಗೆ ಅದು ಮಾಟದ ಚಿತ್ರ. ವಹಿಗೆ ವಿಭೂತಿ ಬಳಿದು, ಇನ್ನು ಕಾಲೇಜು ಸಾಕು ಅಂದಳು. "ಇದನ್ನ ಕಲ್ಯಾಕ ಪುಣೇಕ ಯಾಕ ಹೋಗಬೇಕ? ಮೂಡಲಗಿ ಸಂತ್ಯಾಗ ಕಲಿಸ್ತಾರ."

೩. ಎಡಗಡೆಯ ಕೊಂಡಿ

ಮರುದಿನ ಮಧ್ಯಾಹ್ನ. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಚಿಗವ್ವ ತನ್ನ ಬಲತುದಿಯಲ್ಲಿ ಕೂತಿದ್ದಳು. ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಪುಣೆಯ ರೈಲು ಹತ್ತುವ ಆಸೆ ಬಿಟ್ಟು ನಾನು ಎದುರಿಗೆ ಜೋಳ ಹಸನು ಮಾಡುತ್ತಿದ್ದೆ.

ಎಡ ಸರಪಳಿ ಕಿರುಗುಟ್ಟಿತು, ದಪ್ಪನೆಯ ಮನುಷ್ಯ ಮೆಲ್ಲಗೆ ಬಂದು ಕೂತ ಹಾಗೆ. ಚಿಗವ್ವ ಆ ಕಡೆ ನೋಡಲಿಲ್ಲ; ಸೆರಗು ಮಾತ್ರ ತಲೆಯ ಮೇಲೆ ಎಳೆದುಕೊಂಡಳು. ಮರುಕ್ಷಣ ಎಡಗಡೆಯ ಕೊಂಡಿ ಕಿತ್ತುಬಂತು. ಹಲಗೆ ಓರೆಯಾಗಿ, ಚಿಗವ್ವ ಜಾರುತ್ತ ಹೋಗಿ ಕಾಕಾನ ಜಾಗದಲ್ಲಿ ಕೂತಳು.

ಪೆಟ್ಟೇನೂ ಆಗಿರಲಿಲ್ಲ. ಆದರೆ ನನ್ನ ಲೆಕ್ಕದಂತೆ ಎಡ ಸರಪಳಿಯ ಮೇಲೆ ಭಾರ ಕಡಿಮೆ; ಕಿತ್ತುಬರುವುದಿದ್ದರೆ ಬಲಗಡೆಯದು ಬರಬೇಕಿತ್ತು.

ಚಿಗವ್ವ ವಹಿ ತರಿಸಿ, ವಿಭೂತಿ ಒರೆಸಿ, ಯಾವ ಬಾಣ ಯಾರದೆಂದು ಒಂದೊಂದಾಗಿ ಕೇಳಿದಳು.

"ಇದು ನಂದು. ನಿಮ್ಮ ಕಾಕಾರದ ಎಲ್ಲೈತಿ?"

ಹಾಕಿಲ್ಲ ಅಂದೆ.

"ಮತ್ತ ಅವರು ಸಿಟ್ಟಿಗೇಳದ ಏನ ಮಾಡ್ತಾರ? ಅರ್ಧಾ ಕಲ್ತು ನೀ ಮನ್ಯಾಗ ಕುಂತ್ರ ನಾಳೆ ತೊಲಿನೂ ಬೀಳತೈತಿ. ಗಂಟು ಕಟ್ಟು. ಹೋಗಿ ಪೂರಾ ಕಲ್ತು ಬಾ."